ಮೂರನೇ ಗೇರು

ಟೈಲರ್ ಮಾಸ್ಟರರ ಕೆಂಪು ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ಹೆಂಡತಿಗಿಂತ ಮೊದಲೇ ಅದು ಮನೆಗೆ ಬಂದದ್ದರಿಂದ ಅದಕ್ಕೆ ಹಿರಿಯ ಸವತಿಯ ಮರ್ಯಾದೆ ಸಲ್ಲುತ್ತಿತ್ತು. ಒಳಗೆ ಕಾಲು ಚಾಚಿ ಮಲಗಿದಂತೆ ಕೂರಬೇಕು. ಇಳಿಯುವಾಗ ಯಾರಾದರೂ ಹಿಡಿದೆಬ್ಬಿಸಬೇಕು. ಅದು ಸ್ಪೋರ್ಟ್ಸ್ ಕಾರು ಎಂಬುದನ್ನು ಕಾರು ಎಂದೋ ಮರೆತಿತ್ತು, ಮಾಸ್ಟರು ಮರೆತಿರಲಿಲ್ಲ.

ಮಾಸ್ಟರು ಎಡಚರು. ಅವರ ಕತ್ತರಿಯೂ ಎಡಗೈಯದ್ದೇ, ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಬಟ್ಟೆ ಕತ್ತರಿಸುವವರಲ್ಲಿ ಹಾಗೊಂದು ಕಟ್ಟಳೆಯಿದೆ: ಒಂದು ಕೈಗೆ ಪಳಗಿದ ಕತ್ತರಿಯ ಬಾಯಿಯನ್ನು ಇನ್ನೊಂದು ಕೈ ಕೆಡಿಸುತ್ತದೆ. ಮಾಸ್ಟರು ಆ ಕಟ್ಟಳೆಯನ್ನು ಕಾರಿಗೂ ಹಚ್ಚಿದ್ದರು. ಷಡ್ಡಕ ಒಮ್ಮೆ ಕೀಲಿ ಕೇಳಿದ್ದಕ್ಕೆ, ಬೇಕಾದರೆ ನನ್ನ ಹಲ್ಲುಜ್ಜುವ ಬ್ರಷ್ ತಗೊಂಡು ಹೋಗು ಎಂದಿದ್ದರು. ಹೆಂಡತಿಗೆ ಡ್ರೈವಿಂಗ್ ಬರುತ್ತಿತ್ತು. ಕೀಲಿ ಮಾತ್ರ ಕೈಗೆ ಬರುತ್ತಿರಲಿಲ್ಲ.

ಇತ್ತೀಚೆಗೆ ಮಾಸ್ಟರಿಗೆ ಮೂರನೇ ಗೇರು ಸಿಗದಾಯಿತು. ಎರಡರಿಂದ ಮೇಲಕ್ಕೆ ತಳ್ಳಿದರೆ ಗೇರಿನ ಕೋಲು ಒಮ್ಮೆ ಐದಕ್ಕೆ ಹೋಗಿ ಬೀಳುವುದು. ಒಮ್ಮೆ ಎಲ್ಲಿಗೂ ಹೋಗದೆ, ತೆಳ್ಳಗಿನ ಹಿಟ್ಟಿನಲ್ಲಿ ನೆಟ್ಟ ಸೌಟಿನಂತೆ ಓಲಾಡುವುದು. ಷಡ್ಡಕ ಪಕ್ಕದಲ್ಲಿದ್ದ ದಿನವೇ ಇದು ನಾಲ್ಕು ರಸ್ತೆ ಕೂಡುವಲ್ಲಿ ನಡೆಯಬೇಕೆ? ಗೇರು ಸಡಿಲವಾದ ಹಾಗಿದೆ ಎಂದು ಮಾಸ್ಟರು ಗೊಣಗಿದರು. ಹಿಂದಿನ ಹಾರ್ನುಗಳೆಲ್ಲ ಸುಮ್ಮನಾಗುವವರೆಗೆ ಷಡ್ಡಕ ಕಾದ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಭಾವ, ಆ ಕೈಯನ್ನ ಯಾರಿಗಾದ್ರೂ ತೋರ್ಸಿ."

ಈ ಗಾದೆಯ ಗುಣವೇ ಅದು. ಎದುರುತ್ತರ ಕೊಟ್ಟರೆ ಕುಣಿಯಲು ಬಾರದವರು ನಾವೇ ಎಂದಾಗುತ್ತದೆ. ಮಾಸ್ಟರು ಅಂದಿನಿಂದ ತಮ್ಮ ಎಡಗೈಯನ್ನೇ ನೋಡತೊಡಗಿದರು. ಹಾಗೆ ನೋಡುತ್ತಾ ಕುಳಿತರೆ ಯಾರ ಕೈ ತಾನೇ ನಡುಗದೆ ಇದ್ದೀತು? ಡಾಕ್ಟರು ಕೈಯನ್ನು ಹಿಸುಕಿ, ಎಳೆದು, ಪುಟ್ಟ ಸುತ್ತಿಗೆಯಿಂದ ತಟ್ಟಿ, ಏನೂ ಕಾಣುತ್ತಿಲ್ಲ, ಆದರೂ ವಯಸ್ಸಾಯಿತಲ್ಲ ಎಂದು ಹಿಸುಕಿಕೊಳ್ಳಲು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು.

ಅಂಗಡಿಯ ಮೇಜಿನ ಮೇಲೆ ಕೋಟಿಗೆಂದು ಬಂದ ಬೂದು ಉಣ್ಣೆ ಬಟ್ಟೆ ಹಾಸಿಯೇ ಇತ್ತು. ಅಂಥ ಇನ್ನೊಂದು ತುಂಡು ಎಲ್ಲೂ ಸಿಗುವಂತಿರಲಿಲ್ಲ. ಮಾಸ್ಟರು ಸೀಮೆಸುಣ್ಣದ ಗೆರೆ ಎಳೆಯುವರು, ಕತ್ತರಿ ಎತ್ತುವರು, ಇಳಿಸುವರು, ಗೆರೆ ಒರೆಸುವರು. ಗೆರೆ ತಪ್ಪಿದ ಕೈಗೆ ಗುಂಡಿ ಹೊಲಿಯುವ ಕೆಲಸವೇ ಗತಿ ಎಂದು ಎಷ್ಟೋ ಜನಕ್ಕೆ ಹೇಳಿದವರು ಅವರೇ.

ಕೊನೆಗೆ ಹೆಂಡತಿ ಬಾಯಿ ಬಿಟ್ಟಳು. "ಕೈಯನ್ನ ಡಾಕ್ಟರಿಗೆ ತೋರ್ಸಿದ್ದಾಯ್ತು. ಕಾರನ್ನೂ ಅದರ ಡಾಕ್ಟರಿಗೆ ಒಂದ್ಸಲ ತೋರ್ಸಿ. ಪಕ್ಷಪಾತ ಯಾಕೆ?"

ಗ್ಯಾರೇಜಿನ ಮೆಕ್ಯಾನಿಕ್ ಕೈಗಿಂತ ಮುಂಚೆ ನಾಲಿಗೆ ಓಡಿಸುವ ಮನುಷ್ಯ. ಕಾರು ಮುಟ್ಟದೆಯೇ, ಗೇರ್ ಬಾಕ್ಸ್ ಮುಗಿದಿದೆ, ಇದರ ಬಿಡಿಭಾಗಗಳನ್ನು ಇನ್ನು ಫೋಟೋದಲ್ಲಿ ನೋಡಬೇಕಷ್ಟೆ ಎಂದು ತೀರ್ಪು ಕೊಟ್ಟ. ಬೇರೆ ಗಿರಾಕಿಯಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಮಾಸ್ಟರ ಮುಖ ಅರಳಿತು. ಖಂಡಿತವಾಗಿಯೂ ಹೌದೇ ಎಂದು ಆಸೆಯಿಂದ ಕೇಳಿದರು. ಮೆಕ್ಯಾನಿಕ್ ಅವರನ್ನೊಮ್ಮೆ ವಿಚಿತ್ರವಾಗಿ ನೋಡಿ, ಗುಂಡಿಗಿಳಿದು, ಕಾರಿನ ಅಡಿಯಲ್ಲಿ ಗೇರ್ ಬಾಕ್ಸಿಗೆ ಹೋಗುವ ಸರಳನ್ನು ಕೈಯಿಂದಲೇ ತಳ್ಳಿ ನೋಡಿದ. ಒಂದು, ಎರಡು, ಮೂರು, ಎಲ್ಲ ಗೇರೂ ಸಲೀಸಾಗಿ ಬಿದ್ದವು.

"ನಿಮ್ಮ ಅದೃಷ್ಟ ಮಾಸ್ಟರೇ. ಬಾಕ್ಸು ಗುಂಡುಕಲ್ಲಿನ ಹಾಗಿದೆ."

"ಸಂತೋಷ," ಎಂದರು ಮಾಸ್ಟರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಬಾಕ್ಸು ಸರಿಯಿದ್ದರೆ ಕೆಟ್ಟಿರುವುದು ಕೈಯೇ.

ಮೇಲಿನಿಂದ ಯಾರಾದರೂ ಗೇರು ಹಾಕಿದರೆ ಕೆಳಗೆ ಏನಾಗುತ್ತದೆಂದು ನೋಡಬಹುದು ಎಂದ ಮೆಕ್ಯಾನಿಕ್. ಮಾಸ್ಟರು ಕಾರಿನ ಬಾಗಿಲಿನವರೆಗೆ ಹೋಗಿ ನಿಂತರು. ಅನುಮಾನ ಇರುವ ಕೈಯನ್ನೇ ಸಾಕ್ಷಿಗೆ ಕರೆದರೆ ಏನು ಬಂತು? ಅಷ್ಟರಲ್ಲಿ ಜೊತೆಗೆ ಬಂದಿದ್ದ ಹೆಂಡತಿ ಅವರನ್ನು ಪಕ್ಕಕ್ಕೆ ಸರಿಸಿ ಡ್ರೈವರ್ ಸೀಟಿನಲ್ಲಿ ಕುಳಿತಾಗಿತ್ತು. ಇಂಜಿನ್ ಆಫ್ ಆಗಿರುವಾಗ ಕೀಲಿಯ ಹಂಗು ಯಾಕೆ ಎಂದಳು. ಮಾಸ್ಟರು ಟಾರ್ಚ್ ಹಿಡಿದು ಗುಂಡಿಗಿಳಿದರು.

"ಮೂರಕ್ಕೆ ಹಾಕ್ತಿದೀನಿ," ಎಂದು ಮೇಲಿನಿಂದ ದನಿ ಬಂತು.

ಕೆಳಗೆ ಸರಳು ಒಂದಿಷ್ಟು ನಡುಗಿ, ಇದ್ದಲ್ಲೇ ಇತ್ತು.

"ಹಾಕಿದ್ಯಾ?"

"ಹಾಕ್ದೆ. ಎಲ್ಲಿಗೋ ಹೋಯ್ತು."

ಮನೆಯಲ್ಲಿ ಯಾರಿಗೂ ಜಗ್ಗದ ಡಬ್ಬಿ ಮುಚ್ಚಳಗಳನ್ನು ತಿರುವಿ ತೆಗೆಯುವ ಕೈ ಅದು. ಮಾಸ್ಟರು ಇನ್ನೊಮ್ಮೆ ಹಾಕು ಎಂದರು. ಮತ್ತೂ ಒಮ್ಮೆ ಎಂದರು. ಸರಳು ಅಲ್ಲಾಡಲಿಲ್ಲ.

"ನೆಲಾನೇ ಡೊಂಕು ಕಣೇ," ಎಂದರು ಗುಂಡಿಯೊಳಗಿನಿಂದ.

ಮೆಕ್ಯಾನಿಕ್ ಮೇಲೆ ಬಂದು ಗೇರಿನ ಬುಡದ ಚರ್ಮದ ಗವಸು ಬಿಚ್ಚಿದ. ಕೋಲಿನ ಪಾದ ಕೂರಬೇಕಿದ್ದ ಪ್ಲಾಸ್ಟಿಕ್ ಬುಶ್ಶು ಬಿಸ್ಕತ್ತಿನ ಪುಡಿಯಂತೆ ಉದುರಿತು. ಪೂರ್ತಿ ಹೋಗಿದೆಯೇ ಎಂದು ಕೇಳಿದರು ಮಾಸ್ಟರು. ಹೆಸರಿಗೂ ಉಳಿದಿಲ್ಲ ಎಂದ.

"ಅಂದ್ರೆ, ಯಾರ ಕೈಯಾದ್ರೂ ಇದೇ ಗತಿನಾ?"

"ಪೈಲ್ವಾನ್ ಬಂದ್ರೂ ಇದೇ ಗತಿ. ಬೇರೆ ಯಾರಿಗಾದ್ರೂ ಒಂದು ರೌಂಡು ಓಡ್ಸೋಕೆ ಕೊಟ್ಟಿದ್ರೆ ಆವತ್ತೇ ಗೊತ್ತಾಗ್ತಿತ್ತು."

ಹೆಂಡತಿ ಸೀಟನ್ನು ಕರಕರನೆ ಮುಂದಕ್ಕೆಳೆದುಕೊಂಡು, ಕನ್ನಡಿಯನ್ನು ತನ್ನ ಮುಖಕ್ಕೆ ಸರಿಯಾಗಿ ತಿರುಗಿಸಿಕೊಂಡಳು.

ಪಕ್ಕದ ಲೇತ್ ಅಂಗಡಿಯಲ್ಲಿ ನೈಲಾನ್ ತುಂಡಿನಿಂದ ಹೊಸ ಬುಶ್ಶು ಕಡೆದು ತಂದು ಕೂರಿಸಿದ್ದಾಯಿತು. ಸೀಟಿನಿಂದ ಏಳುವ ಲಕ್ಷಣ ಹೆಂಡತಿಯಲ್ಲಿ ಕಾಣಲಿಲ್ಲ. ಮಾಸ್ಟರು ಕೀಲಿಯನ್ನು ಕಿಟಕಿಯೊಳಗೆ ಚಾಚಿ, ಸುತ್ತು ಬಳಸಿ ಆಚೆ ಬದಿಗೆ ಹೋಗಿ ಕುಳಿತರು. ದಾರಿಯಲ್ಲಿ ಮೂರನೇ ಗೇರು ಹೊಸ ಗುಂಡಿ ಕಾಜಾಕ್ಕೆ ಹೊಕ್ಕಂತೆ ಬಿಗಿಯಾಗಿ ಕೂತಿತು. ತಾವೇ ಹಾಕಿದವರಂತೆ ಮಾಸ್ಟರು ತಲೆದೂಗಿದರು.

ಮನೆಗೆ ಹೋಗುವ ಮೊದಲು ಅಂಗಡಿ ಎಂದರು. ದೀಪ ಹಾಕಿ, ಒರೆಸಿದ್ದ ಗೆರೆಯನ್ನು ಒಂದೇ ಸಲ ಎಳೆದು, ಕತ್ತರಿ ಎತ್ತಿದರು. ಬೂದು ಉಣ್ಣೆ ಕೊರಳಿಂದ ಅಂಚಿನವರೆಗೆ ಗೆರೆಯ ಮೇಲೆಯೇ ಸೀಳುತ್ತಾ ಹೋಯಿತು. ಕೊನೆ ಮುಟ್ಟಿದ ಮೇಲೆಯೇ ಅವರು ಉಸಿರು ಬಿಟ್ಟದ್ದು.

ಹೆಂಡತಿಯ ತೋಳಿನ ಅಂಚಿನಿಂದ ಒಂದು ದಾರ ನೇತಾಡುತ್ತಿತ್ತು. ಅವಳು ಕತ್ತರಿಗೆ ಕೈ ಚಾಚಿದಳು.

"ಕಾರು ಕೊಟ್ಟಿದೀನಲ್ಲ," ಎಂದರು ಮಾಸ್ಟರು, ಕತ್ತರಿಯನ್ನು ಹಿಂದಕ್ಕೆ ಎಳೆದುಕೊಂಡು. ದಾರವನ್ನು ತಾವೇ ಕತ್ತರಿಸಿದರು, ಎಡಗೈಯಲ್ಲೇ.