ಕೆಳಗಿನ ಮನೆ ಯಶಸ್ವಿನಿಗೆ

ಹಾಸನದ ವಕೀಲೆ ಶಾಂತಕುಮಾರಿ ನೀಲಾಂಬಿಕೆಗೆ ಫೋನಿನಲ್ಲಿ ಹೇಳಿದ್ದು ಇಷ್ಟೆ: ಮನೆಯ ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಆಧಾರ್ ತನ್ನಿ. ಯಾರಿಗೆ ಏನು ಕೊಡಬೇಕು, ಅವರು ನಿಮಗೆ ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬರೇ ಬನ್ನಿ.

ನೀಲಾಂಬಿಕೆಗೆ ಅರವತ್ತೆಂಟು. ಮೂವತ್ತೈದು ವರ್ಷ ಹೊಳೆನರಸೀಪುರದ ಸುತ್ತಿನ ಹಳ್ಳಿಗಳಲ್ಲಿ ನರ್ಸಮ್ಮನಾಗಿ ತಿರುಗಿ, ಗಂಡ ಸತ್ತ ಮೇಲೆ ತಮ್ಮ ದುಡಿಮೆಯಲ್ಲೇ ಪೇಟೆಯಲ್ಲಿ ಸೈಟು ಕೊಂಡು ಮಹಡಿ ಮನೆ ಕಟ್ಟಿಸಿದವರು. ಕೆಳಗೆ ಅವರು, ಮೇಲೆ ಕಿರಿಯ ಮಗ ರುದ್ರೇಶನ ಸಂಸಾರ. ಹಿರಿಯ ಮಗ ಮದುವೆಯಾದ ಮೂರನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಿದ್ದ. ಅವನ ಹೆಂಡತಿ ಯಶಸ್ವಿನಿಗೆ ಆಗ ಇಪ್ಪತ್ತಾರು. ಎರಡು ವರ್ಷ ಕಳೆದ ಮೇಲೆ ನೀಲಾಂಬಿಕೆಯೇ ಗಂಡು ಹುಡುಕಿ, ಮುಂದೆ ನಿಂತು ಅವಳನ್ನು ಚನ್ನರಾಯಪಟ್ಟಣಕ್ಕೆ ಮದುವೆ ಮಾಡಿಕೊಟ್ಟರು. ಅಂದಿನಿಂದ ಹೆತ್ತವರು ಅವಳನ್ನು ಮನೆಗೆ ಸೇರಿಸಲಿಲ್ಲ. ನೆಂಟರು ನೀಲಾಂಬಿಕೆಯ ಮನೆಗೂ ಬರುವುದನ್ನು ಬಿಟ್ಟರು. ನೀಲಾಂಬಿಕೆಯೂ ಯಾರನ್ನೂ ಕರೆಯಲು ಹೋಗಲಿಲ್ಲ.

ಕ್ರಯಪತ್ರ ಇದ್ದದ್ದು ರುದ್ರೇಶನ ಬೀರುವಿನಲ್ಲಿ. ಅವನು ಊಟಕ್ಕೆ ಕೂತಾಗ ಕೇಳಿದರು.

"ಯಾಕಮ್ಮ ಈಗ?"

"ವಿಲ್ ಬರೆಸ್ಬೇಕು. ಮೇಲಿಂದು ನಿಂಗೆ, ಕೆಳಗಿಂದು ಯಶಸ್ವಿನಿಗೆ."

ರುದ್ರೇಶನ ಕೈ ತಟ್ಟೆಯಲ್ಲೇ ನಿಂತಿತು. "ಬೇರೆ ಮನೆ ಸೇರ್ದೋಳ್ಗಾ? ಅವ್ಳಿಗೂ ನಮ್ಗೂ ಏನಮ್ಮ ಸಂಬಂಧ?"

"ಅದ್ನೂ ಬರ್ಕೊಂಡ್ ಬನ್ನಿ ಅಂದವ್ರೆ ಲಾಯರು. ಬರೀತೀನಿ."

"ಪತ್ರ ಎಲ್ಲಿಟ್ಟಿದೀನೋ ಗೊತ್ತಿಲ್ಲ. ಉಡುಕ್ಬೇಕು."

ನಾಲ್ಕು ದಿನ ಕೇಳಿದರು. ನಾಲ್ಕು ದಿನವೂ ಅದೇ ಉತ್ತರ. ಐದನೇ ದಿನ ಕೇಳಲಿಲ್ಲ. ಪತ್ರದ ನಂಬರು, ಇಸವಿ ಅವರ ಹಳೆಯ ಡೈರಿಯಲ್ಲಿತ್ತು. ಛತ್ರಿ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ನಡೆದರು, ದೃಢೀಕರಿಸಿದ ನಕಲಿಗೆ ಅರ್ಜಿ ಕೊಟ್ಟರು.

"ಮಗನ್ನ ಕಳಿಸೋದಲ್ವೇನಮ್ಮ? ಈ ಬಿಸಿಲಲ್ಲಿ ನೀವ್ಯಾಕೆ ಬಂದ್ರಿ?" ಎಂದ ಗುಮಾಸ್ತ.

"ಮನೆ ನಂದು ಕಣಪ್ಪ. ಕಾಲೂ ನಂದೇ."

ನಕಲು ಕೈಗೆ ಬಂದ ದಿನವೇ ಯಶಸ್ವಿನಿಯ ಫೋನು. ಅಳುತ್ತಿದ್ದಳು. "ಅತ್ತೆ, ನಂಗೇನೂ ಬ್ಯಾಡ. ನನ್ನಿಂದ ನೀವು ತಾಯಿ ಮಗ ಕಿತ್ತಾಡೋದು ಬ್ಯಾಡ."

"ರುದ್ರೇಶ ಫೋನ್ ಮಾಡಿದ್ನಾ?"

"ಊಂ. ನಿನ್ನೆ ರಾತ್ರಿ."

"ಗೌರಿ ಹಬ್ಬಕ್ಕೆ ನೀನು ಎಲ್ಲಿಗ್ ಬತ್ತೀಯ?"

"ನಿಮ್ಮನೆಗೇ."

"ನಾನ್ ಸತ್ಮೇಲೆ?"

"ಹಂಗನ್ಬ್ಯಾಡಿ ಅತ್ತೆ."

"ಅದಕ್ಕೇ ಬರೆಸ್ತಿರೋದು. ಆಮೇಲೆ ಇಟ್ಕೊತೀಯೋ ಬಿಡ್ತೀಯೋ ನಿನ್ನಿಷ್ಟ. ಬರೆಸೋದು ಮಾತ್ರ ನನ್ನಿಷ್ಟ. ಅಳಬ್ಯಾಡ, ಫೋನಿಡು."

ಹೊರಡುವ ಹಿಂದಿನ ಸಂಜೆ ಹಾಳೆ ಹಿಡಿದು ಕೂತರು. ರುದ್ರೇಶನ ಹೆಸರಿನ ಮುಂದೆ 'ಮಗ' ಎಂದು ಬರೆಯುವುದು ಕ್ಷಣದ ಕೆಲಸ. ಯಶಸ್ವಿನಿಯ ಹೆಸರಿನ ಮುಂದೆ 'ಸೊಸೆ' ಎಂದು ಬರೆದರು. ಈಗ ಅವಳು ಇನ್ನೊಬ್ಬರ ಸೊಸೆ. ಹೊಡೆದು ಹಾಕಿದರು. 'ಮಗಳು' ಎಂದು ಬರೆದರು. ಅದು ಸುಳ್ಳು ಎಂದು ತೋರಿಸಿಕೊಡುವುದು ರುದ್ರೇಶನಿಗೆ ಕಷ್ಟವೇ ಅಲ್ಲ. ಅದನ್ನೂ ಹೊಡೆದರು. ಹೊರಗೆ ಮಕ್ಕಳ ಆಟ ಮುಗಿದು ಬೀದಿ ದೀಪ ಹತ್ತಿತ್ತು. ಕೊನೆಗೆ, ಹೆರಿಗೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ ಬರೆದರು: 'ತೀರಿಹೋದ ನನ್ನ ಹಿರಿಯ ಮಗನ ಹೆಂಡತಿಯಾಗಿದ್ದವಳು. ನಾನೇ ಧಾರೆ ಎರೆದು ಕೊಟ್ಟವಳು. ಅವಳ ತವರು ನಾನು.'

ಬೆಳಿಗ್ಗೆ ಗೇಟಿನ ಹತ್ತಿರ ರುದ್ರೇಶ ಬೈಕಿನ ಕೀ ಹಿಡಿದು ನಿಂತಿದ್ದ. "ನಾನೂ ಬತ್ತೀನಿ. ಲಾಯರ್ ಅತ್ರ ನಾನ್ ಮಾತಾಡ್ತೀನಿ."

"ಬ್ಯಾಡ. ಒಬ್ಳೇ ಬಾ ಅಂದವ್ರೆ."

"ಜನ ಏನಂತಾರಮ್ಮ?"

"ಅವ್ಳ ಮದ್ವೆ ದಿನ ಏನಂದ್ರೋ ಅದ್ನೇ ಅಂತಾರೆ. ನಾನವತ್ತು ನಿಂತೋದ್ನಾ?"

ಅವನು ಪಕ್ಕಕ್ಕೆ ಸರಿದ. ದಾರಿ ಬಿಟ್ಟನೇ ಹೊರತು ಒಪ್ಪಲಿಲ್ಲ. ಬಸ್ಸಿನಲ್ಲಿ ಅವರಿಗೆ ಮಗನ ಮುಖ ಕಣ್ಣಿಗೆ ಕಟ್ಟಿದಂತಿತ್ತು. ಫೈಲನ್ನು ಎದೆಗೆ ಒತ್ತಿ ಹಿಡಿದು ಕೂತರು.

ಶಾಂತಕುಮಾರಿ ಕಾಗದಗಳನ್ನೆಲ್ಲ ನೋಡಿ, ಹಾಳೆಯನ್ನು ಎರಡು ಸಲ ಓದಿದರು. "ನಿಮ್ಮ ಸ್ವಂತ ಸಂಪಾದನೆ, ಯಾರಿಗೆ ಬೇಕಾದ್ರೂ ಬರೀಬಹುದು. ಆದ್ರೆ ನಿಮ್ಮ ಮಗ ಮುಂದೆ ಕೋರ್ಟಿಗೆ ಹೋಗಬಹುದಮ್ಮ."

"ಓಗ್ಲಿ ಬುಡಿ. ಅಲ್ಲಿ ಏನೇನ್ ಕೇಳ್ತಾನೋ ಅದಕ್ಕೆಲ್ಲ ಇದ್ರಲ್ಲೇ ಉತ್ತರ ಇರೋ ಅಂಗೆ ಬರೀರಿ," ಎಂದು ನೀಲಾಂಬಿಕೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.