ದರ್ಜಿ ಹೊಲಿದ ಕಣ್ಣುಪಟ್ಟಿ

ಬಟ್ಟೆಯ ಥಾನು ಇಳಿಸಲು ಹೋಗಿ ದರ್ಜಿ ಏಣಿಯ ಸಮೇತ ಕೆಳಗೆ ಬಂದು ನಾಲ್ಕು ತಿಂಗಳಾಗಿತ್ತು. ಬಲಗೈಯ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಮೂಳೆಗೆ ಪ್ಲೇಟು ಹಾಕಿದರು, ಅದು ಕೂಡಿತು. ತುಂಡಾದ ನರವನ್ನು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರು. ಆ ಹೊಲಿಗೆಯ ಸುದ್ದಿ ಕೇಳಿದಾಗಿನಿಂದ ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚು. "ಗುಂಡಿಗೆ ಕಾಜಾ ಹೊಲಿಯೋಕೆ ಬರುತ್ತಾ ಕೇಳು ಆ ಡಾಕ್ಟ್ರನ್ನ," ಎಂದು ಹೆಂಡತಿಯ ಮುಂದೆ ಗೊಣಗಿದ್ದ.

ಹೊಲಿದ ನರ ದಿನಕ್ಕೊಂದು ಮಿಲಿಮೀಟರು ಬೆಳೆಯುತ್ತದಂತೆ. ಅದು ಬೆರಳ ತುದಿಗೆ ಬಂದು ಮುಟ್ಟುವವರೆಗೂ ಹೆಬ್ಬೆರಳು, ತೋರುಬೆರಳು ಎರಡೂ ಮರದ ತುಂಡುಗಳೇ. ಅಷ್ಟರಲ್ಲಿ ಅಂಗಡಿಯ ಕತ್ತರಿಸುವ ಮೇಜಿನ ಹಿಂದೆ ಹೆಂಡತಿಯ ತಮ್ಮ ಬಂದು ನಿಂತಿದ್ದ. ಪ್ಯಾಂಟಿನ ಎರಡು ಕಾಲೂ ಒಂದೇ ಉದ್ದ ಬಂದರೆ ಊರಿಗೆಲ್ಲ ಹೇಳಿಕೊಂಡು ಬರುವ ಆಸಾಮಿ.

"ರೀ, ಆರು ತಿಂಗಳು ನೋಡೋಣ," ಎಂದಿದ್ದಳು ಹೆಂಡತಿ. "ಆಮೇಲೂ ಬೆರಳಿಗೆ ಜೀವ ಬರದಿದ್ರೆ ಕತ್ತರಿ ತಮ್ಮನ ಕೈಗೆ. ನೀವು ಅಳತೆ ಬರ್ಕೊಂಡು ಕೂತ್ಕೊಳ್ಳಿ."

ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಆಸ್ಪತ್ರೆಯ ಡಾಕ್ಟರಮ್ಮ ಅವನಂಥ ಹನ್ನೆರಡು ಜನರ ಮೇಲೆ ಸಂಶೋಧನೆ ನಡೆಸಿದ್ದರು. ಅರ್ಧ ಜನಕ್ಕೆ ಮಾಮೂಲಿ ವ್ಯಾಯಾಮ. ಇನ್ನರ್ಧ ಜನ ಅದರ ಜೊತೆಗೆ ದಿನವೂ ಒರಟು, ನುಣುಪು ವಸ್ತುಗಳನ್ನು ಕಣ್ಣಲ್ಲಿ ನೋಡುತ್ತ ಉಜ್ಜಿ, ಬೆರಳಿಗೆ ಸ್ಪರ್ಶದ ಪಾಠ ಕಲಿಸಬೇಕು. ದರ್ಜಿ ಪಾಠದ ಗುಂಪಿನವನು. ಚೂರು ಬಟ್ಟೆಗಳ ಚೀಲ ತೊಡೆಯ ಮೇಲಿಟ್ಟುಕೊಂಡು, ಭಾವಮೈದುನನನ್ನು ಮನಸ್ಸಿನಲ್ಲೇ ಬೈಯುತ್ತ, ದಿನಾ ಅರ್ಧ ಗಂಟೆ ಉಜ್ಜುತ್ತಿದ್ದ. ತಿಂಗಳಿಗೊಮ್ಮೆ ಡಾಕ್ಟರಮ್ಮ ಕಣ್ಣು ಕಟ್ಟಿ, ಕೈಗೆ ಕೀಲಿ, ಗುಂಡಿ, ಚಮಚ ಕೊಟ್ಟು ಏನೆಂದು ಕೇಳುತ್ತಿದ್ದರು. ಅವನಿಗೆ ಇಪ್ಪತ್ತರಲ್ಲಿ ಎರಡು ದಾಟುತ್ತಿರಲಿಲ್ಲ.

ನಾಲ್ಕನೇ ತಿಂಗಳು ಆಸ್ಪತ್ರೆಯ ಕಣ್ಣುಪಟ್ಟಿಯ ಲಾಡಿ ಕಿತ್ತುಹೋಯಿತು.

"ಇರ್ಲಿ ಡಾಕ್ಟ್ರೇ, ಮುಂದಿನ ಸಲ ಹೊಸದೇ ಹೊಲ್ಕೊಂಡು ಬರ್ತೀನಿ," ಎಂದ ದರ್ಜಿ, ಬಲು ಸಾಧುವಾಗಿ.

ಎಡಗೈಯಲ್ಲೇ ಹೊಲಿದ. ಸುತ್ತ ಎರಡು ಪದರ ದಪ್ಪ ಕಪ್ಪು ಬಟ್ಟೆ. ಕಣ್ಣಿನ ಎದುರಿಗೆ ಮಾತ್ರ ಒಂದೇ ಪದರ, ಅದೂ ಸಡಿಲ ನೇಯ್ಗೆಯದು. ಹೊರಗಿನವರಿಗೆ ಕಗ್ಗತ್ತಲು, ಕಟ್ಟಿಕೊಂಡವನಿಗೆ ಹಾಡಹಗಲು. ಐದನೇ ತಿಂಗಳು ಇಪ್ಪತ್ತರಲ್ಲಿ ಹದಿನೆಂಟು ಸರಿ ಹೇಳಿದ. ಅನುಮಾನ ಬರಬಾರದೆಂದು ಎರಡನ್ನು ಬೇಕೆಂದೇ ತಪ್ಪಿಸಿದ್ದ. ಡಾಕ್ಟರಮ್ಮನ ಸಂತೋಷ ನೋಡಿ ಅವನಿಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ಪಟ್ಟಿ ಅಲ್ಲಿಯೇ, ಡಾಕ್ಟರಮ್ಮನ ಡ್ರಾಯರಿನಲ್ಲಿ ಉಳಿಯಿತು. ಅದನ್ನು ಉಳಿದವರಿಗೂ ಕಟ್ಟುತ್ತಾರೆಂಬುದು ಈ ಬುದ್ಧಿವಂತನ ತಲೆಗೆ ಹೊಳೆದಿರಲಿಲ್ಲ.

ಆರನೇ ತಿಂಗಳು ಹೆಂಡತಿಯೂ ಜೊತೆಗೆ ಬಂದಳು.

"ಮಾಸ್ತರ್ರೇ, ಒಂದು ಪವಾಡ ಆಗಿದೆ," ಎಂದರು ಡಾಕ್ಟರಮ್ಮ. "ನಿಮ್ಮ ಪಟ್ಟಿ ಕಟ್ಕೊಂಡ ಹನ್ನೊಂದು ಜನಾನೂ ಪಾಸು. ಪಾಠ ಮಾಡಿದವರೂ ಪಾಸು, ಮಾಡದೆ ಇರೋರೂ ಪಾಸು. ವಾರದ ಹಿಂದಷ್ಟೇ ನರ ಹೊಲಿಸ್ಕೊಂಡು ಹೊಸದಾಗಿ ಸೇರಿದವರೂ ಪಾಸು. ಆ ನರ ಬಂದಿರೋದು ಹೆಚ್ಚಂದ್ರೆ ಏಳು ಮಿಲಿಮೀಟರು. ಬೆರಳ ತುದಿಗೆ ಇನ್ನೂ ಒಂದು ಗೇಣು ದಾರಿ ಇದೆ."

ದರ್ಜಿ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಆಮೇಲೆ ನಾನೇ ಕಟ್ಕೊಂಡು ನೋಡ್ದೆ. ಕಿಟಕಿ ಆಚೆ ನಿಂತಿದ್ದ ಆಂಬುಲೆನ್ಸಿನ ನಂಬರು ಓದೋಕಾಯ್ತು."

ಹನ್ನೊಂದು ಜನರಲ್ಲಿ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಪಾಸಾಗುವುದು ಯಾರಿಗೆ ಬೇಡ? ಆದರೆ ಡಾಕ್ಟರಮ್ಮನ ಒಂದು ತಿಂಗಳ ಕೆಲಸ ಮಣ್ಣುಪಾಲಾಗಿತ್ತು.

"ತಪ್ಪಾಯ್ತು ಡಾಕ್ಟ್ರೇ," ಎಂದ ದರ್ಜಿ ತಲೆ ತಗ್ಗಿಸಿ. "ಮೇಜು ಬಿಟ್ಟುಕೊಡೋಕೆ ಹೊಟ್ಟೆ ಉರೀತು."

ಹೆಂಡತಿ ಚೀಲದಿಂದ ಒಂದು ಹೊಸ ಪಟ್ಟಿ ತೆಗೆದಳು. ಕೋಟಿನ ಬಟ್ಟೆ, ಮೂರು ಪದರ. "ಡಾಕ್ಟ್ರು ಮೊನ್ನೆ ಫೋನ್ ಮಾಡಿದ್ರು," ಎಂದಷ್ಟೇ ಹೇಳಿ ತಾನೇ ಬಿಗಿಯಾಗಿ ಕಟ್ಟಿದಳು.

ಈ ಸಲ ನಿಜವಾದ ಕತ್ತಲು. ಕೀಲಿಯನ್ನು ಚಮಚ ಎಂದ, ಚಮಚವನ್ನು ಪೆನ್ನು ಎಂದ. ಗುಂಡಿ ಕೈಗೆ ಬಂದದ್ದೇ ತಿಳಿಯಲಿಲ್ಲ. ಗುಂಡಿ! ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ತಪ್ಪು. ಪಕ್ಕದಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಪಟ್ಟಿಯ ಒಳಗೆ ಅವನ ಕಣ್ಣು ಒದ್ದೆಯಾಯಿತು, ಇನ್ನು ಕತ್ತರಿ ಹೋದಂತೆಯೇ ಎನ್ನಿಸಿ ಭಯವಾಯಿತು.

"ಕೊನೇದು," ಎಂದರು ಡಾಕ್ಟರಮ್ಮ.

ಮೆತ್ತಗಿನದೇನೋ ಬಂತು. ಅಭ್ಯಾಸಬಲದಿಂದ ಹೆಬ್ಬೆರಳು ತೋರುಬೆರಳ ಮೇಲೆ ಜಾರಿತು. ಎಲ್ಲೋ ದೂರದಲ್ಲಿ ಇರುವೆ ಹರಿದಂತೆ ಒಂದು ಜುಮುಜುಮು. ಮತ್ತೊಮ್ಮೆ ಉಜ್ಜಿದ.

"ಬಟ್ಟೆ," ಎಂದ. "ಅಂಚು ದಪ್ಪ, ಎರಡು ಪದರ. ನಡುವೆ ತೆಳ್ಳಗಿದೆ, ಒಂದೇ ಪದರ, ಸಡಿಲ ನೇಯ್ಗೆ. ಹೊಲಿಗೆ ಸೊಟ್ಟಗೆ ಓಡಿದೆ, ಎಡಗೈಯವನದ್ದು." ಬೆರಳು ಇನ್ನೊಮ್ಮೆ ಆ ಹೊಲಿಗೆಯ ಮೇಲೆ ಓಡಿತು. "ಇದು ನಂದೇ ಡಾಕ್ಟ್ರೇ."

ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಆಮೇಲೆ ಹೆಂಡತಿಯ ದನಿ, ಫೋನಿಗೆ ಹೇಳುತ್ತಿತ್ತು:

"ಲೋ, ಮೇಜು ಖಾಲಿ ಮಾಡು. ನಿಮ್ಮ ಭಾವ ಬರ್ತಿದ್ದಾರೆ."