ಸಪ್ಪೆ ನೀರಿನ ಮಷೀನು

ಪಿಲ್ಲಗುಂಪೆಯ ಕಾರ್ಖಾನೆಗಳಲ್ಲಿ ಗಾಜು ಒರೆಸುವವನಿಗೆ ಶತ್ರು ಧೂಳಲ್ಲ, ನೀರು. ಅಲ್ಲಿಯ ಬೋರ್‌ವೆಲ್ ನೀರು ಎಂಥ ಗಡಸೆಂದರೆ ಸೋಪು ಸವೆದರೂ ನೊರೆ ಬಾರದು, ಮಧ್ಯಾಹ್ನವಾದರೂ ಬೇಳೆ ಬೇಯದು. ಗಾಜಿನ ಮೇಲೆ ಒಣಗಿತೆಂದರೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಬೈಲಪ್ಪ ಒಂಬತ್ತು ವರ್ಷ ಆ ಚುಕ್ಕೆಗಳ ಜೊತೆ ಗುದ್ದಾಡಿದ್ದ. ಅದಕ್ಕೆ ಅವನದೇ ಒಂದು ಮದ್ದಿತ್ತು, ಹುಣಸೆಹಣ್ಣು. ಹೆಂಡತಿ ಮುನಿಗಂಗಮ್ಮನ ತವರು ಹುಣಸೆ ತೋಪಿನ ನಲ್ಲೂರಾದ್ದರಿಂದ ಹುಣಸೆಗೆ ಬರವಿರಲಿಲ್ಲ. ಏಣಿಯ ಮೇಲೆ ನಿಂತು, ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಮೂರು ಮಹಡಿಯ ಗಾಜನ್ನೂ ಬೆಳಗುತ್ತಿದ್ದ.

ತೊಂಬತ್ತೈದನೇ ಇಸವಿಯಲ್ಲಿ ಏಣಿ ಜಾರಿತು. ಮುರಿದ ಎಡಮೊಣಕಾಲು ಕೂಡಿಕೊಂಡಿತು, ಆದರೆ ಮಡಚುವುದನ್ನು ಮರೆತುಬಿಟ್ಟಿತು.

ಆಗ ಮ್ಯಾನೇಜರಾಗಿದ್ದ ಮೂರ್ತಿಯವರು ಒಳ್ಳೆಯ ಮನುಷ್ಯರು. ಬಾಯ್ಲರಿಗೆ ದೊಡ್ಡದೊಂದು ಆರ್.ಓ. ಮಷೀನು ಬಂದಮೇಲೆ ಹಳೆಯ ಸಣ್ಣದು ಶೆಡ್ಡಿನಲ್ಲಿ ಬಿದ್ದಿತ್ತು. ಅದನ್ನೇ ರಿಪೇರಿ ಮಾಡಿಸಿ ಬೈಲಪ್ಪನಿಗೆ ಒಪ್ಪಿಸಿದರು. ಮೋಟರು ನೀರನ್ನು ಒತ್ತಿ ಒತ್ತಿ, ಸುರುಳಿ ಸುತ್ತಿದ ಪೊರೆಯೊಂದರ ಮೂಲಕ ನೂಕುತ್ತದೆ. ಉಪ್ಪೆಲ್ಲ ಹಿಂದೆ ಉಳಿದು ಸಪ್ಪೆ ನೀರು ಡ್ರಮ್ಮಿಗೆ ಬೀಳುತ್ತದೆ. ಅಲ್ಲಿಂದ ಇನ್ನೊಂದು ಪುಟ್ಟ ಮೋಟರು ಅದನ್ನು ಉದ್ದನೆಯ ಅಲ್ಯೂಮಿನಿಯಂ ಕೋಲಿನ ತುದಿಯ ಬ್ರಷ್ಷಿಗೆ ಏರಿಸುತ್ತದೆ. ಆ ನೀರು ಒಣಗಿದರೆ ಒಂದು ಚುಕ್ಕೆಯೂ ಇಲ್ಲ, ಒರೆಸುವ ಗೋಜೂ ಇಲ್ಲ. ನೆಲದ ಮೇಲೆ ನಿಂತೇ ಮೂರನೇ ಮಹಡಿ ತೊಳೆಯಬಹುದು.

"ಇದು ನಿನ್ನ ಕಾಲು ಅಂದ್ಕೋ ಬೈಲಪ್ಪ," ಎಂದಿದ್ದರು ಮೂರ್ತಿ. ಅವನು ಹಾಗೇ ಅಂದುಕೊಂಡ. ದಿನಾ ಬೆಳಿಗ್ಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಎರಡು ವರ್ಷ ಹಾಗೆ ಕಳೆಯಿತು. ಮೂರ್ತಿಯವರು ರಿಟೈರಾಗಿ ನರೇಶ್ ಎಂಬ ಹೊಸಬ ಬಂದ. ಆ ವರ್ಷ ದಸರೆಯ ಹೊತ್ತಿಗೆ ದಿನಕ್ಕೆ ಎರಡು ಡ್ರಮ್ಮು ತುಂಬುತ್ತಿದ್ದ ಮಷೀನು ಅರ್ಧ ಡ್ರಮ್ಮಿಗೆ ಇಳಿಯಿತು. ಮುಂದಿನ ವಾರ ಪರದೇಶದವರು ಕಾರ್ಖಾನೆ ನೋಡಲು ಬರುವವರಿದ್ದರು.

"ಸಾರ್, ಮೆಕ್ಯಾನಿಕ್‌ನ ಕರೆಸ್ಬೇಕು," ಎಂದ ಬೈಲಪ್ಪ.

"ಆ ಹಳೇ ಡಬ್ಬಕ್ಕಾ? ನೋಡಪ್ಪ, ನಂಗೆ ಗಾಜು ಕ್ಲೀನಾಗಿರ್ಬೇಕು. ನಿನ್ ಕೈಲಾದ್ರೆ ಮಾಡು, ಇಲ್ದಿದ್ರೆ ಏಣಿ ಹತ್ತೋರ್ನ ನೋಡ್ಕೋತೀನಿ."

ಆಯುಧಪೂಜೆಯ ದಿನ ಎಲ್ಲರೂ ತಂತಮ್ಮ ಮಷೀನು ತೊಳೆಯುತ್ತಿದ್ದರು. ಬೈಲಪ್ಪನೂ ಸ್ಪ್ಯಾನರ್ ಹಿಡಿದು ತನ್ನದನ್ನು ಬಿಚ್ಚಿದ. ಪೊರೆಯ ಸುರುಳಿಯ ಬಾಯಿಗೆಲ್ಲ ಬಿಳಿ ಹೆಪ್ಪು ಕಟ್ಟಿತ್ತು. ಅವನಿಗೆ ನಗು ಬಂತು. ಒಂಬತ್ತು ವರ್ಷ ಗಾಜಿನ ಮೇಲೆ ಕಾಡಿದ ಅದೇ ಕಲೆ, ಒಳಗೆ ಹೋಗಿ ಕೂತಿದೆ! ಇದಕ್ಕೆ ಮೆಕ್ಯಾನಿಕ್ ಯಾಕೆ?

ಮನೆಗೆ ಹೋಗಿ ಒಂದು ಸೇರು ಹುಣಸೆಹಣ್ಣು ನೆನೆಸಿದ. ಮುನಿಗಂಗಮ್ಮ ಕಿವುಚಿ, ಹಳೇ ಸೀರೆಯ ತುಂಡಿನಲ್ಲಿ ಸೋಸಿ, ಕ್ಯಾನಿಗೆ ತುಂಬಿಕೊಟ್ಟಳು. ಅದನ್ನು ತಂದು, ಸುರುಳಿಯನ್ನು ಮತ್ತೆ ಕೂರಿಸಿ ಅದರ ಕೊಳವೆಗೆ ಹೊಯ್ದ, ಮೋಟರು ಒಂದು ನಿಮಿಷ ಓಡಿಸಿ ನಿಲ್ಲಿಸಿದ, ಅರಿಶಿನ ಕುಂಕುಮ ಇಟ್ಟ. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ, ಮರುದಿನ ವಿಜಯದಶಮಿಯ ರಜೆ. ಹುಳಿ ಎರಡು ದಿನ ಒಳಗೇ ಉಳಿಯಿತು.

ಮೂರನೆಯ ದಿನ ಸ್ವಿಚ್ ಹಾಕಿದರೆ ಮೋಟರು ನರಳಿತು. ನಲ್ಲಿಯ ತುದಿಯಲ್ಲಿ ಒಂದು ತೊಟ್ಟೂ ಇಳಿಯಲಿಲ್ಲ. ಮೋಟರು ಬಿಸಿಯೇರಿ ಸುಟ್ಟ ವಾಸನೆ ಬಂದಾಗ ಬೈಲಪ್ಪ ಸ್ವಿಚ್ ಆರಿಸಿದ.

ದೊಡ್ಡ ಮಷೀನು ನೋಡಲು ಅದೇ ಮಧ್ಯಾಹ್ನ ಬೆಂಗಳೂರಿನಿಂದ ಮೆಕ್ಯಾನಿಕ್ ಬಂದಿದ್ದ. ಬೈಲಪ್ಪ ಕೈ ಮುಗಿದು ಅವನನ್ನು ತನ್ನ ಮಷೀನಿನ ಹತ್ತಿರ ಕರೆತಂದ. ಮೆಕ್ಯಾನಿಕ್ ಸುರುಳಿಯನ್ನು ಎಳೆದು ಕುಯ್ದು ನೋಡಿದ. ಪದರ ಪದರದ ನಡುವೆ ಕಂದು ಲೋಳೆ ಕೂತು ನಾರುತ್ತಿತ್ತು.

"ಏನಣ್ಣ ಹಾಕ್ದೆ?"

"ಹುಣಸೆ ನೀರು."

ಮೆಕ್ಯಾನಿಕ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾವೂ ಹುಳಿನೇ ಹಾಕೋದು ಅಣ್ಣ. ನಿಂಬೆಹುಳಿ ಪುಡಿ ಕಲಸಿ ಒಂದ್ ಗಂಟೆ ಬಿಟ್ರೆ ಕಲೆ ಕರಗೋಗುತ್ತೆ. ನಿನ್ ಯೋಚ್ನೆ ಸರಿಯಾಗೇ ಇತ್ತು. ಹಣ್ಣಿನ ತಿರುಳು ಹೋಗಿ ಕೂತ್ಕೊಂಡ್ಬಿಟ್ಟಿದೆ, ಅಷ್ಟೆ."

ಅಷ್ಟೆ. ಸರಿಯಾದ ಯೋಚನೆಯಿಂದಲೇ ಮನುಷ್ಯ ಹಾಳಾದರೆ ಯಾರನ್ನು ದೂರುವುದು?

ನರೇಶ್ ಮಷೀನನ್ನು ಗುಜರಿಗೆ ಹಾಕಲು ಹೇಳಿದ. ಆಮೇಲೆ ಗೋಡೆಗೆ ಏಣಿ ತಂದಿಡಿಸಿದ. "ಹತ್ತು ನೋಡೋಣ," ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಬೈಲಪ್ಪ ಬಲಗಾಲಿಟ್ಟು, ಎಡಗಾಲನ್ನು ಕೈಯಿಂದ ಎತ್ತಿಟ್ಟು ಮೂರು ಮೆಟ್ಟಿಲು ಹತ್ತಿದ. ನಾಲ್ಕನೆಯದಕ್ಕೆ ಕಾಲು ಏಳಲಿಲ್ಲ. ಮೇಲೆ ನೋಡಿದ. ಗಾಜು ಆಕಾಶದವರೆಗೂ ಇತ್ತು. ಕಣ್ಣಲ್ಲಿ ನೀರು ಬಂದು ಏನೂ ಕಾಣದಾಯಿತು. ಇಳಿದು, ಹೆಗಲ ಮೇಲಿನ ಬಟ್ಟೆಯನ್ನು ಏಣಿಗೆ ಸಿಕ್ಕಿಸಿ ಗೇಟಿನ ಕಡೆ ನಡೆದ. ಯಾರೂ ಕರೆಯಲಿಲ್ಲ.

ಮನೆಯಲ್ಲಿ ಮುನಿಗಂಗಮ್ಮ ಹಬ್ಬದ ದೀಪಗಳನ್ನು ತೊಳೆದು ಎತ್ತಿಡುತ್ತಿದ್ದಳು. ಹೊತ್ತಿಗೆ ಮುಂಚೆ ಬಂದವನನ್ನು ನೋಡಿ ಅವಳ ಮುಖ ಅರಳಿತು.

"ಮಿಸೀನು ಸರೋಯ್ತಾ? ನಾನು ಸೋಸಿಕೊಟ್ಟಿದ್ದು ಸಾಕಾಯ್ತಾ?"

ಅವಳು ಸೋಸಿದ್ದ ಸೀರೆತುಂಡು ತಂತಿಯ ಮೇಲೆ ಒಣಗುತ್ತಿತ್ತು. ಅದರ ನೇಯ್ಗೆ ಎಷ್ಟು ತೆಳುವೆಂದು ಬೈಲಪ್ಪನಿಗೆ ಈಗ ಕಂಡಿತು.

"ಸಾಕಾಯ್ತು ಕಣೇ," ಎಂದ. "ಚೆನ್ನಾಗೇ ಸೋಸಿದ್ದೆ."